ದಿವಾನಖಾನೆಯ ಮಹಜರು

ಲಂಡನ್ನಿನ ಪಿಮ್ಲಿಕೊ ಸ್ಟೇಷನ್ನಿನಲ್ಲಿ ಇಳಿದು ಥೇಮ್ಸ್ ನದಿಯ ಕಡೆ ನಡೆದರೆ ಹತ್ತು ನಿಮಿಷದೊಳಗೆ ಟೇಟ್ ಬ್ರಿಟನ್ ಸಿಗುತ್ತದೆ. ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್ ಕೊಟ್ಟ ಹಣ, ಚಿತ್ರಗಳಿಂದ 1897ರಲ್ಲಿ ಬಾಗಿಲು ತೆರೆದ ಗ್ಯಾಲರಿ. ಮೊದಲು ಈ ಜಾಗದಲ್ಲಿ ಜೈಲಿತ್ತು. ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಟರ್ನರನ ಸೂರ್ಯಾಸ್ತಗಳನ್ನು ಬಿಟ್ಟು ನಾನು ನೇರ ಹೋದದ್ದು ವಿಕ್ಟೋರಿಯಾ ಕಾಲದ ಸಿಂಗಾರದ ಜೋಡಿಗಳನ್ನು ನೋಡುವುದಕ್ಕೆ.

ಹೋಲ್ಮನ್ ಹಂಟನ ‘ದಿ ಅವೇಕನಿಂಗ್ ಕಾನ್ಷನ್ಸ್’ (1853) ಚಿತ್ರದಲ್ಲಿ ಪಿಯಾನೊ ಮುಂದೆ ಕೂತವನ ತೊಡೆಯಿಂದ ಹೆಣ್ಣೊಬ್ಬಳು ದಿಗ್ಗನೆ ಏಳುತ್ತಿದ್ದಾಳೆ. ಗಂಡ–ಹೆಂಡತಿಯ ಸರಸವಿರಬೇಕು ಅಂದುಕೊಂಡರೆ ಅವಳ ಕೈ ನೋಡಿ, ಮದುವೆಯ ಉಂಗುರವಿಲ್ಲ. ಮೇಜಿನಡಿ ಬೆಕ್ಕೊಂದು ಹಕ್ಕಿಯನ್ನು ಹಿಡಿದಾಡಿಸುತ್ತಿದೆ. ಮನೆ ಸಾಮಾನಿನ ಹೊಸ ಹೊಳಪೇ ಇವರ ಗುಟ್ಟು ಹೇಳುತ್ತದೆಂದು ವಿಮರ್ಶಕ ರಸ್ಕಿನ್ 1854ರಲ್ಲಿ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದ. ಆದರೆ ಕೊಂಡ ಶ್ರೀಮಂತನಿಗೆ ಅವಳ ಮುಖದ ಸಂಕಟ ದಿನಾ ನೋಡಲಾಗಲಿಲ್ಲ. ಹಂಟ್ ಮುಖವನ್ನು ತಿದ್ದಿ ಬರೆದುಕೊಟ್ಟ. ನಮಗೆ ಕಾಣುವುದು ಆ ತಿದ್ದಿದ ಮುಖ.

ಅಗಸ್ಟಸ್ ಎಗ್ 1858ರಲ್ಲಿ ಪ್ರದರ್ಶಿಸಿದ, ಈಗ ‘ಪಾಸ್ಟ್ ಆ್ಯಂಡ್ ಪ್ರೆಸೆಂಟ್’ ಎನ್ನುವ ಮೂರು ಚಿತ್ರಗಳ ಮುಂದೆ ಕಾಲು ಅಲ್ಲಾಡಲಿಲ್ಲ. ಮೊದಲನೆಯದು ಪೊಲೀಸರು ಮಹಜರು ಬರೆದ ಹಾಗಿದೆ, ಒಂದು ವಸ್ತುವೂ ಬಿಟ್ಟುಹೋಗಿಲ್ಲ. ಗಂಡ ಕುರ್ಚಿಯಲ್ಲಿ ಕುಸಿದಿದ್ದಾನೆ, ಕೈಯಲ್ಲಿ ಹೆಂಡತಿಯ ಗುಟ್ಟು ಬಯಲು ಮಾಡಿದ ಪತ್ರ. ಅವಳು ಅವನ ಕಾಲಬುಡದಲ್ಲಿ ಬೋರಲಾಗಿ ಬಿದ್ದಿದ್ದಾಳೆ; ಜೋಡಿಸಿದ ಕೈಗಳ ಬಳೆ ಕೋಳದಂತೆ ಕಾಣುತ್ತವೆ. ಹೋಳಾದ ಸೇಬಿನ ಅರ್ಧ ಮೇಜಿನ ಮೇಲೆ, ಅರ್ಧ ನೆಲದ ಮೇಲೆ. ಹೆಣ್ಣುಮಕ್ಕಳಿಬ್ಬರು ಕಟ್ಟಿದ ಇಸ್ಪೀಟೆಲೆಯ ಮನೆ ಬೀಳುತ್ತಿದೆ, ಅದರ ಅಡಿಪಾಯ ಬಾಲ್ಜಾಕನ ಕಾದಂಬರಿ. ಗೋಡೆಯಲ್ಲಿ ಹೆಂಡತಿಯ ಭಾವಚಿತ್ರದ ಮೇಲೆ ಈಡನ್ ತೋಟದಿಂದ ಹೊರಬಿದ್ದ ಆದಮ್–ಈವ್, ಗಂಡನದರ ಮೇಲೆ ಒಡೆದ ಹಡಗು. ಮತ್ತೆ ಆ ಪ್ರಿಯಕರ? ಗಂಡನ ಬೂಟಿನಡಿ ಸಿಕ್ಕ ಪುಟ್ಟ ಭಾವಚಿತ್ರವಷ್ಟೇ. ಎಗ್ ಅವನನ್ನು ಅಷ್ಟಕ್ಕೇ ಬಿಟ್ಟುಬಿಟ್ಟ.

ಉಳಿದೆರಡು ಚಿತ್ರಗಳು ವರ್ಷಗಳಾಚೆಯ ಒಂದೇ ರಾತ್ರಿಯವು. ಅಪ್ಪ ಸತ್ತು ಎರಡು ವಾರವಾಗಿದೆ. ಮಕ್ಕಳು ಕಿಟಕಿಯಿಂದ ನೋಡುವ ಚಂದ್ರನನ್ನೇ ಅಮ್ಮ ಥೇಮ್ಸ್ ದಡದ ಅಡೆಲ್ಫಿ ಕಮಾನಿನಡಿ ಕೂತು ನೋಡುತ್ತಿದ್ದಾಳೆ, ಶಾಲಿನೊಳಗೆ ಇನ್ನೊಂದು ಕೂಸು. ಬೆನ್ನ ಹಿಂದಿನ ಗೋಡೆಗೆ ಪ್ಯಾರಿಸ್ ಮೋಜಿನ ಪ್ರವಾಸದ ಜಾಹೀರಾತು! ಕ್ರೂರ ವ್ಯಂಗ್ಯ, ಆದರೂ ಈ ಮೂರರಲ್ಲಿ ನನಗೆ ಹಿಡಿಸಿದ್ದು ಇದೇ.

ಎಗ್ ಇಷ್ಟೊಂದು ಕಟುವಾಗಿ ಬರೆದದ್ದರ ಹಿನ್ನೆಲೆ ಅದರ ಹಿಂದಿನ ವರ್ಷದ ಕಾಯಿದೆಯಲ್ಲಿ ಸಿಗುತ್ತದೆ. 1857ರ ವಿಚ್ಛೇದನ ಕಾನೂನಿನಲ್ಲಿ ಗಂಡನಿಗೆ ಹೆಂಡತಿಯ ಹಾದರವೊಂದನ್ನು ರುಜುವಾತು ಮಾಡಿದರೆ ಸಾಕಿತ್ತು. ಹೆಂಡತಿಯಾದರೆ ಅದರ ಜತೆಗೆ ಕ್ರೌರ್ಯವನ್ನೋ, ತೊರೆದುಹೋದದ್ದನ್ನೋ ತೋರಿಸಬೇಕಿತ್ತು. ಈ ತಾರತಮ್ಯ ತೊಲಗಿದ್ದು 1923ರಲ್ಲಿ.

ಅಲ್ಲಿಂದ ಜೇಮ್ಸ್ ಟಿಸೊ ಚಿತ್ರದ ಹತ್ತಿರ ಬಂದರೆ ಉಸಿರು ಹಗುರಾಗುತ್ತದೆ. ‘ಪೋರ್ಟ್ಸ್‌ಮತ್ ಡಾಕ್‌ಯಾರ್ಡ್’ನಲ್ಲಿ ಹೈಲ್ಯಾಂಡ್ ಸಿಪಾಯಿಯೊಬ್ಬ ದೋಣಿಯಲ್ಲಿ ಇಬ್ಬರು ಹೆಂಗಸರ ನಡುವೆ ಕೂತಿದ್ದಾನೆ. ಮಾತು ಒಬ್ಬಳ ಜತೆ, ಇನ್ನೊಬ್ಬಳಿಗೆ ಬೆನ್ನು. ಅಷ್ಟೇ ಕಥೆ, ಯಾರೂ ಹಾಳಾಗುವುದಿಲ್ಲ. ಹಂಟನನ್ನು ಹೊಗಳಿದ ರಸ್ಕಿನ್ನೇ 1877ರಲ್ಲಿ ಟಿಸೊನ ಚಿತ್ರಗಳನ್ನು ಒರಟು ಸಮಾಜದ ಬಣ್ಣದ ಫೋಟೊಗಳೆಂದು ಜರೆದ. ಅವನಿಗೆ ತೀರ್ಪು ಬೇಕಿತ್ತು. ನನಗೆ ಟಿಸೊ ಬರೆದ ಆ ಸಿಪಾಯಿಯ ತಪ್ಪಿಸಿಕೊಂಡ ಕುತ್ತಿಗೆಯೇ ಸಾಕು.