ಹದಿಮೂರು ಡಿಗ್ರಿಯ ಬೆರಗು

ಗುರು ಕಣ್ಣೆದುರೇ ಮಾಯವಾದ! ಚೆನ್ನೈನ ಬೆಸೆಂಟ್ ನಗರದ ನಮ್ಮ ತಾರಸಿಯಲ್ಲಿ (ಇಲ್ಲಿನವರಿಗೆ ಅದು ಮೊಟ್ಟೈಮಾಡಿ) ಹೊಸ ಟೆಲಿಸ್ಕೋಪಿಗೆ ಕಣ್ಣಿಟ್ಟಿದ್ದೆ. ಗ್ರಹದ ಮೈಮೇಲೆ ಎರಡು ಕಂದು ಪಟ್ಟೆಗಳು! "ಬೇಗ ಬನ್ನಿ" ಎಂದು ಮನೆಯವರನ್ನು ಕೂಗಿದೆ. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅಲ್ಲಿ ಬರೀ ಕತ್ತಲೆ.

ಓಡಿದವನು ಗುರುವಲ್ಲ, ತಿರುಗಿದವರು ನಾವು! ಭೂಮಿಯ ತಿರುಗುವಿಕೆಯಿಂದ ಆಕಾಶ ಸೆಕೆಂಡಿಗೆ ಸುಮಾರು 15 ವಿಕಲೆ ಸರಿಯುತ್ತದೆ. ಒಂದು ಡಿಗ್ರಿಗೆ 3,600 ವಿಕಲೆ. ಗುರು ನಮಗೆ ಹತ್ತಿರವಿದ್ದಾಗ ಅವನ ಬಿಂಬದ ಅಗಲ ಸುಮಾರು 45 ವಿಕಲೆ. ಭಾಗಿಸಿ ನೋಡಿ! ಮೂರು ಸೆಕೆಂಡಿಗೊಮ್ಮೆ ಆ ದೈತ್ಯ ತನ್ನಷ್ಟೇ ಅಗಲ ಪಕ್ಕಕ್ಕೆ ಜಾರುತ್ತಾನೆ. ಫೋಟೊ ತೆಗೆಯುವುದು ಹೇಗೆ?

ಉತ್ತರ ಕಾಲಬುಡದಲ್ಲೇ ಇತ್ತು. ಟೆಲಿಸ್ಕೋಪನ್ನು ಹೊತ್ತ ಈಕ್ವಟೋರಿಯಲ್ ಮೌಂಟಿಗೆ ಓರೆಯಾದ ಒಂದು ಅಚ್ಚು ಇರುತ್ತದೆ. ಅದನ್ನು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಲ್ಲಿಸಿ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ ತಿರುಗಿಸಿದರೆ ಮುಗಿಯಿತು, ಆಕಾಶ ನಿಂತುಬಿಡುತ್ತದೆ! ಒಂದು ಮೊಳದ ಕಬ್ಬಿಣ ಇಡೀ ಭೂಗೋಳದ ಅಚ್ಚಿನ ಜೊತೆ ಹೆಜ್ಜೆ ಹಾಕುತ್ತದೆ. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಓರೆ ಎಷ್ಟಿರಬೇಕು? ನಾವಿರುವ ಊರಿನ ಅಕ್ಷಾಂಶದಷ್ಟು. ಬೆಸೆಂಟ್ ನಗರದ್ದು 13 ಡಿಗ್ರಿ. ಬೆಂಗಳೂರಿನದು 12.97, ಮಂಗಳೂರಿನದು 12.9! ಅರಬ್ಬೀ ಕಡಲಿನಿಂದ ಬಂಗಾಳ ಕೊಲ್ಲಿಯವರೆಗೆ ಹೆಚ್ಚುಕಡಿಮೆ ಒಂದೇ ಗೆರೆ. ಬೆಂಗಳೂರಿನ ತಾರಸಿಯಲ್ಲಿ ಬಿಗಿದ ಓರೆಯ ಸ್ಕ್ರೂವನ್ನು ಇಲ್ಲಿ ಮುಟ್ಟಬೇಕಾಗೇ ಇಲ್ಲ.

ಶೀತದೇಶಗಳ ಚಿತ್ರಗಳಲ್ಲಿ ಮೌಂಟಿನ ಅಚ್ಚು ಎದ್ದು ನಿಂತಿರುತ್ತದೆ, ನಮ್ಮದು ಮಲಗಿದಂತಿರುತ್ತದೆ. ಅದಕ್ಕೇ ಟೆಲಿಸ್ಕೋಪನ್ನು ಸರಿದೂಗಿಸುವ ಕೌಂಟರ್‌ವೆಯ್ಟಿನ ಕಂಬಿ ಸ್ಟ್ಯಾಂಡಿನ ಉತ್ತರದ ಕಾಲಿಗೆ ಠಣ್ಣೆಂದು ಬಡಿಯಿತು. ಸ್ಟ್ಯಾಂಡನ್ನು ತಿರುಗಿಸಿ, ಕಂಬಿ ಎರಡು ಕಾಲುಗಳ ನಡುವೆ ತೂಗುವಂತೆ ಮಾಡಿದೆ.

ಇನ್ನು ಅಚ್ಚನ್ನು ಉತ್ತರಕ್ಕೆ ಗುರಿಯಿಡಲು ಧ್ರುವ ಬೇಕು. ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ಬೆರಳು ತೋರಿಸಿದ ಧ್ರುವನನ್ನು ನಾನು ನಿಜವಾಗಿ ಹುಡುಕಿದ್ದು ಈಗ! ಅವನು ಇಲ್ಲಿ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ. ಕಡಲ ಮಬ್ಬು, ನಗರದ ಬೆಳಕು ಅವನನ್ನು ನುಂಗುತ್ತವೆ. ಸಿಕ್ಕರೂ ಅವನು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ದೂರ. ಹಾಗಾಗಿ ಹಗಲಲ್ಲೇ ಕೆಲಸ ಶುರುಮಾಡಿದೆ. ಸೂರ್ಯ ನೆತ್ತಿರೇಖೆ ದಾಟುವ ಕ್ಷಣದಲ್ಲಿ ತೂಗುಗುಂಡಿನ ದಾರದ ನೆರಳು ಬಿದ್ದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಅದೇ ಉತ್ತರ-ದಕ್ಷಿಣ!

ರಾತ್ರಿ ಸೂಕ್ಷ್ಮ ತಿದ್ದುಪಡಿ. ನೆತ್ತಿರೇಖೆಯ ಬಳಿ, ಆಕಾಶದ ನಡುಗೆರೆಯ ಹತ್ತಿರದ ಒಂದು ನಕ್ಷತ್ರ ಹಿಡಿದು ಕಾಯಬೇಕು. ಅದು ದಕ್ಷಿಣಕ್ಕೆ ಜಾರಿದರೆ ಅಚ್ಚು ಪೂರ್ವಕ್ಕೆ ವಾಲಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದ ಒಂದು ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಚ್ಚು ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಕೂದಲೆಳೆಯಷ್ಟು ಸ್ಕ್ರೂ ತಿರುಗಿಸಿ ಮತ್ತೆ ಕಾಯುವುದು. ಇದರಲ್ಲಿ ಒಂದು ಗಂಟೆ ಹೋಯಿತು, ಹೋದದ್ದೇ ತಿಳಿಯಲಿಲ್ಲ.

ಈ ಊರಿಗೆ ಇಂಥ ಕಾಯುವಿಕೆ ಹೊಸದಲ್ಲ. ನುಂಗಂಬಾಕ್ಕಂನಲ್ಲಿ ಮದ್ರಾಸ್ ವೀಕ್ಷಣಾಲಯದ 1792ರ ಕಲ್ಲುಕಂಬ ಇಂದಿಗೂ ನಿಂತಿದೆ. ಉಪಕರಣ ಅಲುಗದಿರಲೆಂದೇ ನೆಟ್ಟ ಗ್ರಾನೈಟ್! ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಬೆಳಕು ಏರಿಳಿಯುವ ಒಂದು ಚಂಚಲ ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ನಮ್ಮ ನುಡಿಯಲ್ಲಿ, ಈ ಊರಿನಿಂದ! ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ದಾಟಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ಮುಂದುವರಿದಿದೆ.

ಕೊನೆಗೆ ಮೋಟಾರಿನ ಗುಂಡಿ ಒತ್ತಿದೆ. ಸಣ್ಣ ಗುಂಯ್ ಸದ್ದು. ಗುರು ನಡುವಲ್ಲಿ ನಿಂತ. ಒಂದು ನಿಮಿಷ, ಐದು ನಿಮಿಷ, ಅಲ್ಲೇ! ಕಣ್ಣಿಡುವಲ್ಲಿ ವೆಬ್‌ಕ್ಯಾಮ್ ಸಿಕ್ಕಿಸಿ ಎರಡು ನಿಮಿಷ ವಿಡಿಯೊ ತೆಗೆದೆ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಹೆಚ್ಚು ಹೊತ್ತು ತೆಗೆದರೆ ಅವನ ಮುಖವೇ ಕಲಸಿಹೋಗುತ್ತದೆ. ಸಾವಿರಾರು ಫ್ರೇಮುಗಳಲ್ಲಿ ಗಾಳಿ ಅಲುಗದ ಕ್ಷಣದವನ್ನು ಆರಿಸಿ ಒಂದರ ಮೇಲೊಂದು ಪೇರಿಸುವ ಕೆಲಸ ಕಂಪ್ಯೂಟರಿನದು.

ತೆರೆಯ ಮೇಲೆ ಮಸುಕು ಕರಗುತ್ತಾ ಬಂತು. ಪಟ್ಟೆಗಳ ಅಂಚು ಮೂಡಿತು. ಅದರ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಒಂದು ಕಪ್ಪು ಚುಕ್ಕೆ. ಧೂಳೆಂದು ತೆರೆ ಒರೆಸಿದೆ. ಹೋಗಲಿಲ್ಲ. ಅದು ಗುರುವಿನ ಮೋಡಗಳ ಮೇಲೆ ಬಿದ್ದಿದ್ದ ಅಯೋ ಚಂದ್ರನ ನೆರಳು!