ಸರ್ಕಾರ ಬೇಡವೆನ್ನುವ ನಾಡಿನಲ್ಲಿ ಸರ್ಕಾರದ್ದೇ ಖರ್ಚು

ಅಮೆರಿಕದ ಫೆಡರಲ್ ಸರ್ಕಾರ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನಗಳ ಕಾಲ, ಭಾಗಶಃ ಸ್ಥಗಿತಗೊಂಡಿತ್ತು. ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ದೀರ್ಘವಾದ ಆ ಸ್ಥಗಿತಕ್ಕೆ ಕಾರಣವಾದದ್ದು ಯುದ್ಧವಲ್ಲ, ಗಡಿವಿವಾದವೂ ಅಲ್ಲ. ಆರೋಗ್ಯ ವಿಮೆಯ ಕಂತಿಗೆ ಸರ್ಕಾರ ನೀಡುವ ಸಹಾಯಧನ. 2021ರಲ್ಲಿ ಹೆಚ್ಚಿಸಲಾಗಿದ್ದ ಈ ನೆರವಿನ ಅವಧಿ 2025ರ ಡಿಸೆಂಬರ್ ಅಂತ್ಯಕ್ಕೆ ಮುಗಿಯುವುದಿತ್ತು. ಅದನ್ನು ಮುಂದುವರಿಸದೆ ಬಜೆಟ್‌ಗೆ ಒಪ್ಪಿಗೆಯಿಲ್ಲ ಎಂದು ಡೆಮಾಕ್ರಟರು ಪಟ್ಟು ಹಿಡಿದರು. ಮೊದಲು ಸರ್ಕಾರ ನಡೆಯಲಿ, ಆ ಮಾತು ಆಮೇಲೆ ಎಂದು ರಿಪಬ್ಲಿಕನ್ನರು ಪ್ರತಿಪಟ್ಟು ಹಿಡಿದರು.

ಜನರ ಕಾಯಿಲೆ-ಕಸಾಲೆಯ ಖರ್ಚಿನಲ್ಲಿ ಸರ್ಕಾರಕ್ಕೇನು ಕೆಲಸ ಎಂಬುದು ಆ ದೇಶದಲ್ಲಿ ಎಂಟು ದಶಕಗಳಿಂದ ಇತ್ಯರ್ಥವಾಗದ ಪ್ರಶ್ನೆ. ಆದರೆ ಲೆಕ್ಕ ಬಿಚ್ಚಿ ನೋಡಿದರೆ ಪ್ರಶ್ನೆಯೇ ತಪ್ಪಾಗಿದೆಯೆಂದು ತೋರುತ್ತದೆ. 2023ರಲ್ಲಿ ಅಮೆರಿಕ ಆರೋಗ್ಯಕ್ಕಾಗಿ ಮಾಡಿದ ಒಟ್ಟು ವೆಚ್ಚ ಸುಮಾರು 4.9 ಲಕ್ಷ ಕೋಟಿ ಡಾಲರ್, ಅಂದರೆ ಒಟ್ಟು ದೇಶೀಯ ಉತ್ಪನ್ನದ ಶೇ 17.6. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಭರಿಸಿದ್ದು ಫೆಡರಲ್, ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳೇ. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಮಾಜಿ ಸೈನಿಕರಿಗೆ ಸರ್ಕಾರದ್ದೇ ಆಸ್ಪತ್ರೆಗಳು. ಹೀಗಿರುವಾಗ ಸರ್ಕಾರ ಈ ಕ್ಷೇತ್ರಕ್ಕೆ ಬರಬೇಕೋ ಬೇಡವೋ ಎಂಬ ಚರ್ಚೆಗೆ ಅರ್ಥವಿಲ್ಲ. ಅದು ಆಗಲೇ ಬಂದು ಕುಳಿತಿದೆ. ಯಾರಿಗಾಗಿ ಕುಳಿತಿದೆ, ಯಾರನ್ನು ಹೊರಗಿಟ್ಟಿದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ವ್ಯವಸ್ಥೆಯನ್ನು ಯಾರೂ ಕುಳಿತು ಯೋಜಿಸಿದ್ದಲ್ಲ. ಎರಡನೇ ಮಹಾಯುದ್ಧದ ವೇಳೆ, 1942ರಲ್ಲಿ, ಬೆಲೆಯೇರಿಕೆ ತಡೆಯಲು ಸರ್ಕಾರ ವೇತನ ಹೆಚ್ಚಳಕ್ಕೆ ಕಡಿವಾಣ ಹಾಕಿತು. ಸಂಬಳ ಹೆಚ್ಚಿಸಲಾಗದ ಕಂಪೆನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆಯ ಆಮಿಷ ಒಡ್ಡಿದವು. ಹಾಗೆ ಸಿಕ್ಕ ವಿಮೆಗೆ ಆದಾಯ ತೆರಿಗೆಯಿಲ್ಲ ಎಂದು 1954ರ ಕಾನೂನು ಸ್ಪಷ್ಟಪಡಿಸಿತು. ಇಂದು ಹದಿನೈದು ಕೋಟಿಗೂ ಹೆಚ್ಚು ಅಮೆರಿಕನ್ನರ ವಿಮೆ ಅವರ ಅಥವಾ ಮನೆಯವರ ನೌಕರಿಗೆ ಗಂಟು ಬಿದ್ದಿದೆ. ಅದನ್ನು ಅವರು ತಮ್ಮ ದುಡಿಮೆಯ ಫಲವೆಂದೇ ತಿಳಿಯುತ್ತಾರೆ. ಆ ವಿಮೆಯ ಹಿಂದೆ ತೆರಿಗೆ ವಿನಾಯಿತಿಯ ರೂಪದಲ್ಲಿ ಖಜಾನೆಯ ದೊಡ್ಡ ಮೊತ್ತವಿದೆ ಎಂಬುದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. 2009ರ ಚರ್ಚೆಯ ಕಾವಿನಲ್ಲಿ ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಹಿರಿಯರೊಬ್ಬರು ಎದ್ದು, ಸರ್ಕಾರ ತಮ್ಮ ಮೆಡಿಕೇರ್‌ಗೆ ಕೈ ಹಾಕಬಾರದೆಂದು ತಾಕೀತು ಮಾಡಿದ್ದು ವರದಿಯಾಗಿತ್ತು. ಮೆಡಿಕೇರ್ ಸರ್ಕಾರದ್ದೇ ಯೋಜನೆ!

ಎಲ್ಲರಿಗೂ ರಾಷ್ಟ್ರೀಯ ವಿಮೆ ಎಂಬ ಪ್ರಸ್ತಾವವನ್ನು ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರಲ್ಲೇ ಮುಂದಿಟ್ಟಿದ್ದರು. ಅದು ಸಮಾಜವಾದದ ಹಿಂಬಾಗಿಲು ಎಂದು ವೈದ್ಯರ ಸಂಘಟನೆಯಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಹುಯಿಲೆಬ್ಬಿಸಿತು, ಪ್ರಸ್ತಾವ ಬಿದ್ದುಹೋಯಿತು. ಇಪ್ಪತ್ತು ವರ್ಷಗಳ ನಂತರ, 1965ರ ಜುಲೈ 30ರಂದು, ಲಿಂಡನ್ ಜಾನ್ಸನ್ ಅವರು ಟ್ರೂಮನ್ ಅವರ ಊರಿಗೇ ಹೋಗಿ ಮೆಡಿಕೇರ್ ಮತ್ತು ಮೆಡಿಕೇಡ್ ಮಸೂದೆಗೆ ಸಹಿ ಹಾಕಿದರು. ಮೊದಲ ಮೆಡಿಕೇರ್ ಕಾರ್ಡನ್ನು ಟ್ರೂಮನ್ ಕೈಗಿತ್ತರು. ವೃದ್ಧರಿಗೂ ಕಡುಬಡವರಿಗೂ ಒಂದು ದಾರಿಯಾಯಿತು. ನೌಕರಿಯ ವಿಮೆಯೂ ಇಲ್ಲದ, ಬಡವರ ಪಟ್ಟಿಗೂ ಸೇರದ ನಡುವಿನವರು ಹಾಗೆಯೇ ಉಳಿದರು. ಇವರಿಗಾಗಿ 1993-94ರಲ್ಲಿ ಕ್ಲಿಂಟನ್ ದಂಪತಿ ರೂಪಿಸಿದ ಯೋಜನೆ ವಿಮಾ ಉದ್ಯಮದ ಪ್ರಚಾರದ ಹೊಡೆತಕ್ಕೆ ಸಿಕ್ಕಿ ಮತಕ್ಕೂ ಬರದೆ ನೆಲಕಚ್ಚಿತು.

ಮಾರುಕಟ್ಟೆಯೇ ಇದನ್ನು ಏಕೆ ಸರಿಪಡಿಸಲಾರದು? ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಕೆನೆತ್ ಆರೊ 1963ರ ಪ್ರಬಂಧವೊಂದರಲ್ಲೇ ಉತ್ತರ ಕೊಟ್ಟಿದ್ದಾರೆ. ಕಾಯಿಲೆ ಯಾವಾಗ ಬರುವುದೋ ಹೇಳಲಾಗದು. ಯಾವ ಚಿಕಿತ್ಸೆ ಬೇಕೆಂಬುದನ್ನು ಕೊಳ್ಳುವ ರೋಗಿಗಿಂತ ಮಾರುವ ವೈದ್ಯರೇ ಚೆನ್ನಾಗಿ ಬಲ್ಲರು. ಬಟ್ಟೆ-ಪಾತ್ರೆ ಕೊಂಡಂತೆ ನಾಲ್ಕು ಅಂಗಡಿ ಸುತ್ತಿ ಬೆಲೆ ವಿಚಾರಿಸಲು ಎದೆನೋವು ಬಂದವನಿಗೆ ವ್ಯವಧಾನವಿರುವುದಿಲ್ಲ. ವಿಮೆಯ ಸ್ವಭಾವವೂ ವಿಚಿತ್ರ. ಆರೋಗ್ಯವಂತರು ದೂರ ಉಳಿದು, ಬಾಯಾರಿದಾಗ ಬಾವಿ ತೋಡುವಂತೆ ಕಾಯಿಲೆ ಬಿದ್ದ ಮೇಲೆ ವಿಮೆ ಕೊಳ್ಳಲು ಬಂದರೆ ಕಂತು ಏರುತ್ತದೆ. ಕಂತು ಏರಿದಷ್ಟೂ ಆರೋಗ್ಯವಂತರು ಇನ್ನಷ್ಟು ದೂರ ಸರಿಯುತ್ತಾರೆ. ಆದ್ದರಿಂದಲೇ ಕಂಪೆನಿಗಳು ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ನಿರಾಕರಿಸುತ್ತಿದ್ದವು. ವಿಮೆ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಸಿಗುತ್ತಿರಲಿಲ್ಲ.

2010ರ ಮಾರ್ಚ್ 23ರಂದು ಬರಾಕ್ ಒಬಾಮ ಸಹಿ ಹಾಕಿದ ಕಾಯ್ದೆ ಈ ಸುಳಿಯನ್ನು ಮುರಿಯಲು ಮೂರು ಊರೆಗೋಲು ಬಳಸಿತು. ಯಾವ ಕಂಪೆನಿಯೂ ಹಳೆಯ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವಂತಿಲ್ಲ; ಎಲ್ಲರೂ ವಿಮೆ ಹೊಂದಬೇಕು, ಇಲ್ಲವೇ ದಂಡ ಕಟ್ಟಬೇಕು; ಕಂತು ಕಟ್ಟಲಾಗದವರಿಗೆ ಸರ್ಕಾರದ ನೆರವು. ಇದೇ ಮಾದರಿಯನ್ನು 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾರಿಗೆ ತಂದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಆದರೂ ಒಬಾಮ ಮಸೂದೆಯ ಅಂತಿಮ ಮತದಾನದಲ್ಲಿ ಒಬ್ಬ ರಿಪಬ್ಲಿಕನ್ ಸದಸ್ಯನೂ ಬೆಂಬಲಿಸಲಿಲ್ಲ. 2010ರಲ್ಲಿ ಜನಸಂಖ್ಯೆಯ ಶೇ 16ರಷ್ಟಿದ್ದ ವಿಮೆಯಿಲ್ಲದವರ ಪ್ರಮಾಣ 2023ರ ವೇಳೆಗೆ ಶೇ 8ರ ಆಸುಪಾಸಿಗೆ ಇಳಿಯಿತು.

ವಿರೋಧಿಗಳ ಮಾತನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಸರ್ಕಾರಿ ವ್ಯವಸ್ಥೆಯೆಂದರೆ ಸರದಿಯ ಸಾಲು ಎಂಬ ಅವರ ಆತಂಕಕ್ಕೆ ಆಧಾರವಿದೆ. 2014ರಲ್ಲಿ ಫೀನಿಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಾಯುವವರ ಪಟ್ಟಿಯನ್ನು ಮರೆಮಾಚಿದ್ದು ಬಯಲಾಗಿ, ಸಂಬಂಧಿಸಿದ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ರಾಜೀನಾಮೆ ನೀಡಬೇಕಾಯಿತು. ಬೇಡದ ಸರಕನ್ನು ಕೊಳ್ಳೆಂದು ಪ್ರಜೆಯನ್ನು ಸರ್ಕಾರ ಬಲವಂತ ಮಾಡಬಹುದೇ ಎಂಬ ಪ್ರಶ್ನೆಯೂ ಹಗುರವಾದುದಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಆ ದಂಡವನ್ನು ತೆರಿಗೆಯೆಂದು ಪರಿಗಣಿಸಿ, 5-4ರ ಬಹುಮತದಿಂದಷ್ಟೇ ಕಾಯ್ದೆಯನ್ನು ಉಳಿಸಿತು. 2019ರಿಂದ ಆ ದಂಡ ಶೂನ್ಯಕ್ಕೆ ಇಳಿದಿದೆ.

ಆದರೆ ಅದೇ ತೀರ್ಪು ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಟೆಕ್ಸಸ್, ಫ್ಲಾರಿಡಾ ಸೇರಿದಂತೆ ಹತ್ತು ರಾಜ್ಯಗಳು 2025ರಲ್ಲೂ ಅದನ್ನು ಒಪ್ಪಿರಲಿಲ್ಲ. ಪರಿಣಾಮ ಕ್ರೂರವಾದುದು. ಕಡುಬಡವರೆಲ್ಲ ಮೆಡಿಕೇಡ್‌ಗೆ ಸೇರುವರೆಂದು ನಂಬಿದ ಕಾಯ್ದೆ, ಕಂತಿನ ನೆರವನ್ನು ಬಡತನ ರೇಖೆಯಿಂದ ಮೇಲಿನವರಿಗೆ ಮಾತ್ರ ಇಟ್ಟಿತ್ತು. ಹಾಗಾಗಿ ಈ ರಾಜ್ಯಗಳಲ್ಲಿ ರೇಖೆಯ ತುಸು ಮೇಲಿರುವವನಿಗೆ ನೆರವುಂಟು. ಕೆಳಗಿರುವವನಿಗೆ ಅದೂ ಇಲ್ಲ, ಇದೂ ಇಲ್ಲ.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು ಇನ್ನೊಂದು ಹೆಜ್ಜೆ ಹಿಂದಿಟ್ಟಿದೆ. ಅದರಂತೆ ಮೆಡಿಕೇಡ್ ವಿಸ್ತರಣೆಯಡಿ ಬಂದ ವಯಸ್ಕರು, ವಿನಾಯಿತಿ ಪಡೆದವರನ್ನು ಬಿಟ್ಟು, ತಿಂಗಳಿಗೆ 80 ಗಂಟೆ ದುಡಿದದ್ದನ್ನೋ ಓದುತ್ತಿರುವುದನ್ನೋ ದಾಖಲೆಸಮೇತ ತೋರಿಸಬೇಕು. ದುಡಿಯಬಲ್ಲವರು ದುಡಿಯಲಿ ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ 2018ರಲ್ಲಿ ಆರ್ಕನ್ಸಾ ರಾಜ್ಯ ಇದನ್ನೇ ಪ್ರಯೋಗಿಸಿದಾಗ ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಅವರಲ್ಲಿ ಅನೇಕರು ಸೋತದ್ದು ದುಡಿಮೆಯಲ್ಲಲ್ಲ, ಅರ್ಜಿ-ದಾಖಲೆಗಳ ಗೋಜಿನಲ್ಲಿ. ಹೊಸ ಕಾನೂನಿನಿಂದ 2034ರ ವೇಳೆಗೆ ಸುಮಾರು ಒಂದು ಕೋಟಿ ಜನ ಹೆಚ್ಚುವರಿಯಾಗಿ ವಿಮೆಯಿಲ್ಲದವರಾಗುತ್ತಾರೆಂದು ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜಿಸಿದೆ.

ಈ ವಾದದಿಂದ ಕನ್ನಡಿಗರೂ ದೂರವಿಲ್ಲ. ಒಬಾಮ ಕಾಯ್ದೆಯ ಪರವಾಗಿ ವೈದ್ಯರನ್ನು ಸಂಘಟಿಸಿದವರಲ್ಲಿ ಪ್ರಮುಖರು, ಮುಂದೆ ಎರಡು ಬಾರಿ ಅಮೆರಿಕದ ಸರ್ಜನ್ ಜನರಲ್ ಆದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ತಂತ್ರಜ್ಞರಿಗೆ ಕೆಲಸ ಹೋದರೆ ವೀಸಾ ಮಾತ್ರವಲ್ಲ, ಕುಟುಂಬದ ವಿಮೆಯೂ ಅಡಕತ್ತರಿಗೆ ಸಿಕ್ಕುತ್ತದೆ. ಕಂಪೆನಿಯ ಪಾಲನ್ನೂ ತಾವೇ ತೆತ್ತು ಕೆಲಕಾಲ ಹಳೆಯ ವಿಮೆ ಉಳಿಸಿಕೊಳ್ಳಬಹುದು. ಆದರೆ 2024ರಲ್ಲಿ ಇಂಥ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25 ಸಾವಿರ ಡಾಲರ್ ಮೀರಿತ್ತು. ಸಂಬಳ ನಿಂತ ಮನೆಯಲ್ಲಿ ಅದನ್ನು ಕಟ್ಟುವವರಾರು?

ಸರ್ಕಾರ ಮಧ್ಯೆ ಬಂದಲ್ಲೆಲ್ಲ ಅನರ್ಥವೇ ಆಗಿಲ್ಲ. ಔಷಧ ಕಂಪೆನಿಗಳೊಡನೆ ಮೆಡಿಕೇರ್ ಬೆಲೆ ಚೌಕಾಸಿ ಮಾಡಬಾರದೆಂದು 2003ರ ಕಾನೂನು ನಿರ್ಬಂಧಿಸಿತ್ತು. 2022ರ ಕಾನೂನು ಆ ನಿರ್ಬಂಧವನ್ನು ಸಡಿಲಿಸಿತು. ಮೆಡಿಕೇರ್ ಫಲಾನುಭವಿಗಳು ಇನ್ಸುಲಿನ್‌ಗೆ ತೆರಬೇಕಾದ ಹಣಕ್ಕೆ ತಿಂಗಳಿಗೆ 35 ಡಾಲರಿನ ಮಿತಿ ಹಾಕಿತು. ಇದರಿಂದ ಮಾರುಕಟ್ಟೆ ಮುಳುಗಲಿಲ್ಲ.

ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು, ಹಣವಿಲ್ಲವೆಂದು ಆಸ್ಪತ್ರೆ ಹಿಂದಕ್ಕೆ ಕಳಿಸಕೂಡದು ಎಂಬ ಕಾನೂನಿಗೆ 1986ರಲ್ಲಿ ಸಹಿ ಹಾಕಿದವರು ಸರ್ಕಾರದ ಹಸ್ತಕ್ಷೇಪವನ್ನು ಸದಾ ಟೀಕಿಸುತ್ತಿದ್ದ ರೊನಾಲ್ಡ್ ರೇಗನ್. ಸಾಯುವವನನ್ನು ಬಾಗಿಲಲ್ಲಿ ಬಿಡಲಾಗದು ಎಂಬ ನೀತಿಯನ್ನು ಅಮೆರಿಕ ಅಂದೇ ಒಪ್ಪಿತು. ಆ ಖರ್ಚನ್ನು ಯಾರಾದರೂ ಕೊಡಲೇಬೇಕು. ಕಾಯಿಲೆ ಬಲಿತು ತುರ್ತು ಕೊಠಡಿ ಸೇರಿದ ಮೇಲೆ ಕೊಡುವುದಕ್ಕಿಂತ, ಅದು ಚಿಕ್ಕದಿರುವಾಗಲೇ ವೈದ್ಯರ ಬಳಿಗೆ ಹೋಗಲು ಕೊಡುವುದು ಮಾನವೀಯ. ಆ ಹತ್ತು ರಾಜ್ಯಗಳ ಬಡವರಿಗೆ ಫೆಡರಲ್ ಸರ್ಕಾರವೇ ನೇರವಾಗಿ ವಿಮೆ ಕೊಡುವುದು, ನೌಕರಿ ಹೋದವರಿಗೆ ವಿಮೆ ತಪ್ಪದಂತೆ ನೋಡಿಕೊಳ್ಳುವುದು: ಯಾವ ಪಕ್ಷ ಆಳಿದರೂ ಇವೆರಡರಿಂದ ಆರಂಭಿಸಬಹುದು. ಅದಕ್ಕೆ ಬೇಕಾದ ಹಣ ಆ ದೇಶಕ್ಕಿದೆ. ಸಮಾಜವಾದವೆಂಬ ಹಳೆಯ ಗುಮ್ಮನನ್ನು ಪ್ರತಿ ಚುನಾವಣೆಯಲ್ಲೂ ಹೊರತೆಗೆಯುವ ರಾಜಕಾರಣವನ್ನು ಬಿಡುವ ಮನಸ್ಸು ಬರಬೇಕಾಗಿದೆ.