ಕಟ್ಟಡದ ಕಂಪನಿಗಳೂ ಕಂಪ್ಯೂಟರಿನ ಪಾಲನೆಯೂ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಒಂದು ಮನೆ ಕಟ್ಟಿಸುವುದೇ ಇಷ್ಟು ಕಷ್ಟವಾದರೆ, ಏಕಕಾಲದಲ್ಲಿ ಹತ್ತಾರು ಕಡೆ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಕಂಪನಿಗಳ ಪಾಡೇನು? ಕಲ್ಲು, ಕಬ್ಬಿಣ, ಸಿಮೆಂಟು, ಮರಳುಗಳ ಜೊತೆಗೆ ಈಗ ಅವಕ್ಕೆ ಇನ್ನೊಂದು ಸಾಮಗ್ರಿಯೂ ಅವಶ್ಯವಾಗಿದೆ. ಅದೇ ಮಾಹಿತಿ. ನಕ್ಷೆ, ಅಂದಾಜುಪಟ್ಟಿ, ಸಾಮಾನಿನ ಲೆಕ್ಕ, ಆಳುಗಳ ಹಾಜರಿ, ಬಟವಾಡೆ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿವೆ. ಆ ಕಂಪ್ಯೂಟರುಗಳನ್ನು ಸುಸ್ಥಿತಿಯಲ್ಲಿಡುವುದನ್ನೇ ಕೆಲವು ಸಂಸ್ಥೆಗಳು ವೃತ್ತಿಯಾಗಿ ಮಾಡಿಕೊಂಡಿವೆ. ಈ ಸೇವೆಗೆ 'ಮ್ಯಾನೇಜ್ಡ್ ಐ.ಟಿ. ಸಪೋರ್ಟ್' ಎಂದು ಹೆಸರು. ಬಿ.ಎ. ಓದುವವನಿಗೆ ಇದರ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಂದೆಯವರು ಗಾರೆ ಕೆಲಸದವರು, ಅಕ್ಷರ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಕಳೆದ ಬೇಸಿಗೆಯ ರಜೆಯಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಅವರು ದುಡಿಯುತ್ತಿದ್ದ ಸೈಟಿಗೆ ನಾನೂ ಹೋಗಿ ಸ್ಟೋರಿನ ಗುಮಾಸ್ತರಿಗೆ ಸಹಾಯಕನಾಗಿ ಸೇರಿದೆ. ತಗಡಿನ ಶೆಡ್ಡೇ ಕಚೇರಿ. ಮೂಲೆಯಲ್ಲಿ ಒಂದು ಕಂಪ್ಯೂಟರು. ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಸಿಮೆಂಟಿನ ಧೂಳು. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಒಂದು ಬಟವಾಡೆಯ ಹಿಂದಿನ ದಿನ ಕರೆಂಟು ಎರಡು ಮೂರು ಸಲ ಹೋಗಿ ಬಂದಿತು. ಆಮೇಲೆ ಕಂಪ್ಯೂಟರು ಏಳಲೇ ಇಲ್ಲ. ರಿಪೇರಿಯವನು ಬರಲು ಮೂರು ದಿನ ಹಿಡಿಯಿತು. ಬಂದವನು, ಮಾಹಿತಿ ಕೂಡಿಡುವ ಹಾರ್ಡ್ ಡಿಸ್ಕು ಕೆಟ್ಟಿದೆ, ಒಳಗಿದ್ದುದು ಸಿಗುವುದಿಲ್ಲ ಎಂದ. ಹಾಜರಿಗೆ ಬೇರೆ ಪ್ರತಿ ಇರಲಿಲ್ಲ. ಕೊನೆಗೆ ಮೇಸ್ತ್ರಿಯ ಜೇಬಿನ ಚೀಟಿಗಳನ್ನು ನೋಡಿ ಬಟವಾಡೆ ಮಾಡಿದರು. ಅಪ್ಪ ದಿನಕ್ಕೊಂದರಂತೆ ತಾವು ಮಲಗುವ ಶೆಡ್ಡಿನ ತಗಡಿನ ಮೇಲೆ ಇದ್ದಿಲಿನಿಂದ ಗೀಟು ಎಳೆದಿದ್ದರು. ಗೀಟು 13, ಕಚೇರಿ ಒಪ್ಪಿದ್ದು 11. ಆ ಎರಡು ದಿನದ ಕೂಲಿ ಬರಲೇ ಇಲ್ಲ. ಗುಮಾಸ್ತರ ಪಕ್ಕದಲ್ಲಿ ಕುಳಿತಿದ್ದ ನಾನು ತಲೆ ತಗ್ಗಿಸಿದೆನೇ ಹೊರತು ಬಾಯಿ ಬಿಡಲಿಲ್ಲ.

ದಿನಗಳ ಲೆಕ್ಕ ಕೂಲಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ಕೆಲಸ ಮಾಡಿದವರೇ ಕಲ್ಯಾಣ ಮಂಡಳಿಯ ಫಲಾನುಭವಿಗಳಾಗಬಹುದೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ವಿಧಿಸಿತು. ಹಾಜರಿ ಅಳಿಸಿಹೋದರೆ ಬಡವನು ಯಾವ ಸಾಕ್ಷಿಯನ್ನು ತೋರಿಸಬೇಕು?

ಈಗ ವಿಷಯಕ್ಕೆ ಬರೋಣ. ಕಂಪ್ಯೂಟರು ಕೆಟ್ಟ ಮೇಲೆ ರಿಪೇರಿಯವನನ್ನು ಕರೆಯುವುದು ಹಳೆಯ ಪದ್ಧತಿ. ಮ್ಯಾನೇಜ್ಡ್ ಪದ್ಧತಿಯಲ್ಲಿ ಕಂಪನಿಯು ಒಂದೊಂದು ಯಂತ್ರಕ್ಕೆ, ಇಲ್ಲವೆ ಅದನ್ನು ಬಳಸುವ ಒಬ್ಬೊಬ್ಬ ನೌಕರನಿಗೆ ಇಷ್ಟೆಂದು ತಿಂಗಳ ಶುಲ್ಕ ಕೊಡುತ್ತದೆ. ದೂರು ಬಂದ ಎಷ್ಟು ಗಂಟೆಯೊಳಗೆ ಉತ್ತರಿಸಬೇಕೆಂಬುದು ಕರಾರಿನಲ್ಲಿಯೇ ಇರುತ್ತದೆ. ಕೆಟ್ಟಾಗ ಹಣ ಪಡೆಯುವವನಿಗೆ ಯಂತ್ರ ಕೆಡುವುದೇ ಲಾಭ. ತಿಂಗಳ ಹಣ ಪಡೆಯುವವನಿಗೆ ಅದು ಕೆಡದಿರುವುದೇ ಲಾಭ. ಈ ಪದ್ಧತಿಯ ತಿರುಳು ಇಷ್ಟೇ.

ಅವರ ಕೆಲಸಗಳಲ್ಲಿ ಮೊದಲನೆಯದು ನಿಗಾ. ಪ್ರತಿ ಯಂತ್ರದಲ್ಲಿಯೂ ಒಂದು ಪುಟ್ಟ ತಂತ್ರಾಂಶವನ್ನು ಹಾಕಿರುತ್ತಾರೆ. ಡಿಸ್ಕು ತುಂಬುತ್ತಿದೆ, ಯಂತ್ರ ಕಾಯುತ್ತಿದೆ ಎಂಬ ಸುದ್ದಿಯನ್ನು ಅದು ದೂರದ ಕಚೇರಿಗೆ ಮುಟ್ಟಿಸುತ್ತದೆ. ಎಷ್ಟೋ ಹಾರ್ಡ್ ಡಿಸ್ಕುಗಳು ಪೂರ್ತಿ ಕೆಡುವ ಮೊದಲೇ ಸೂಚನೆ ಕೊಡುತ್ತವೆ. ಅದನ್ನು ಗಮನಿಸುವವರು ಬೇಕು, ಅಷ್ಟೆ.

ಎರಡನೆಯದು, ತಂತ್ರಾಂಶದ ಲೋಪಗಳನ್ನು ಕಾಲಕಾಲಕ್ಕೆ ಮುಚ್ಚುವುದು. 2017ರ ಮೇ 12ರಂದು 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಹಬ್ಬಿ, ಕಡತಗಳಿಗೆ ಬೀಗ ಜಡಿದು ಬಿಡುಗಡೆಗೆ ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ತೇಪೆ ಹಾಕದೆ ಬಿಟ್ಟವರು ನಷ್ಟ ಅನುಭವಿಸಿದರು.

ಮೂರನೆಯದೇ ಮುಖ್ಯವಾದುದು, ಪ್ರತಿ ತೆಗೆದಿಡುವುದು, ಅಂದರೆ ಬ್ಯಾಕಪ್. ಇದಕ್ಕೆ 3-2-1 ಎಂಬ ಸೂತ್ರವುಂಟು. ಮಾಹಿತಿಯ 3 ಪ್ರತಿಗಳಿರಬೇಕು. ಅವು 2 ಬಗೆಯ ಸಾಧನಗಳಲ್ಲಿರಬೇಕು. 1 ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಬೇಕು. ಆ ಪ್ರತಿಯಿಂದ ಮಾಹಿತಿ ಮರಳಿ ಬರುವುದೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ನಮ್ಮ ಸೈಟಿನಲ್ಲಿ ದಿನಕ್ಕೊಂದು ಪ್ರತಿ ಹೊರಗೆ ಹೋಗಿದ್ದರೆ ಅಪ್ಪನ ಎರಡು ದಿನಗಳು ಉಳಿಯುತ್ತಿದ್ದವು.

ಬ್ಯಾಂಕಿಗೂ ಆಸ್ಪತ್ರೆಗೂ ಇದೇ ಸೇವೆ ಸಾಲದೇ, ಕಟ್ಟಡದವರಿಗೆ ಬೇರೆ ಏನು ಬೇಕು ಎಂಬ ಪ್ರಶ್ನೆ ಏಳಬಹುದು. ಬ್ಯಾಂಕು ನಿಂತಲ್ಲೇ ನಿಂತಿರುತ್ತದೆ, ಸೈಟು ಹಾಗಲ್ಲ. ಕಟ್ಟಡ ಮುಗಿದರೆ ಕಚೇರಿಯೇ ಎದ್ದು ಹೋಗುತ್ತದೆ. ಹೊಸ ಜಾಗದಲ್ಲಿ ಇಂಟರ್‌ನೆಟ್ ತಂತಿ ಬರುವ ತನಕ ಮೊಬೈಲ್ ಸಿಮ್ಮಿನ ರೌಟರು ಬೇಕು. ಜನರೇಟರಿನ ಏರಿಳಿತ ತಡೆಯಲು ಯು.ಪಿ.ಎಸ್. ಬೇಕು; ಧೂಳಿಗೆ ಮುಚ್ಚಳ ಬೇಕು. ಅಲ್ಲದೆ ಆರ್ಕಿಟೆಕ್ಟರು, ಇಂಜಿನಿಯರು, ಉಪಗುತ್ತಿಗೆದಾರರು ಎಲ್ಲರೂ ಒಂದೇ ನಕ್ಷೆಯನ್ನು ನೋಡುವವರು. ಕಂಬದ ಕಂಬಿಯನ್ನು 16 ಮಿಲಿಮೀಟರಿನಿಂದ 20ಕ್ಕೆ ತಿದ್ದಿದ ಹೊಸ ನಕ್ಷೆ ನಗರದ ಕಚೇರಿಯಲ್ಲಿ ಉಳಿದು, ಸೈಟಿನವರು ಹಳೆಯದನ್ನೇ ನೋಡಿ ಕಂಬಿ ಕಟ್ಟಿದರೆ ಗತಿಯೇನು? ಎಲ್ಲರಿಗೂ ಕಡೆಯ ನಕ್ಷೆಯೇ ಕಾಣುವಂತೆ ಮಾಡುವುದು, ಕೆಲಸ ಬಿಟ್ಟವನ ಪ್ರವೇಶವನ್ನು ಅಂದೇ ಮುಚ್ಚುವುದು ಇವರ ಹೊಣೆ.

ದೊಡ್ಡವರಿಗೂ ಈ ಕಷ್ಟ ತಪ್ಪಿದ್ದಲ್ಲ. 2020ರ ಜನವರಿ 30ರಂದು ಫ್ರಾನ್ಸಿನ ಪ್ರಸಿದ್ಧ ಬುಯಿಗ್ ಕನ್‌ಸ್ಟ್ರಕ್ಷನ್ ಕಂಪನಿಯ ಮೇಲೆ ಹಣ ಕೇಳುವ ಅಂಥದೇ ತಂತ್ರಾಂಶದ ದಾಳಿ ನಡೆದು, ಅದು ಹರಡದಂತೆ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಆ ಕಂಪನಿಯೇ ನಿಲ್ಲಿಸಬೇಕಾಯಿತು.

ಈ ಪದ್ಧತಿಯಲ್ಲಿ ದೋಷಗಳಿಲ್ಲವೆಂದಲ್ಲ. ಸಣ್ಣ ಗುತ್ತಿಗೆದಾರನಿಗೆ ತಿಂಗಳ ಶುಲ್ಕ ಭಾರವಾಗಬಹುದು. ಮನೆಯ ಬೀಗದ ಕೈಯನ್ನು ಪರರಿಗೆ ಕೊಟ್ಟಂತೆ ಎಂಬ ಅಂಜಿಕೆಯೂ ಸಹಜ. ಆದುದರಿಂದ ಮುಖ್ಯ ಗುಪ್ತಪದಗಳೂ ಮಾಹಿತಿಯ ಒಂದು ಪ್ರತಿಯೂ ಕಂಪನಿಯ ಕೈಯಲ್ಲೇ ಇರಬೇಕು. ಆ ಶುಲ್ಕವೂ ಆಗದವನು ದಿನದ ಹಾಜರಿಯನ್ನು ಸಂಜೆ ಒಂದು ಪೆನ್ ಡ್ರೈವಿಗೆ ಇಳಿಸಿ ಮನೆಗೆ ಒಯ್ಯುವುದಕ್ಕೆ ಏನು ಖರ್ಚು?

ರಜೆ ಮುಗಿದು ಹೊರಡುವ ಮುನ್ನಾದಿನ ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರು ಹೊಸದಾಗಿ ಹಾಕಿದ ಮೌಲ್ಡಿಗೆ ನೀರು ಬಿಡುತ್ತಿದ್ದರು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ತೇವವಾಗಿಡಬೇಕೆಂದು 2000ದ ಐ.ಎಸ್. 456 ಮಾನಕ ಹೇಳುತ್ತದೆ. ಆ ಮಾನಕದ ಹೆಸರನ್ನೇ ಕೇಳದ ಅಪ್ಪ ಅದನ್ನು ಮೊದಲಿನಿಂದಲೂ ಪಾಲಿಸಿದವರು. "ಇದೂ ಕ್ಯೂರಿಂಗ್ ಇದ್ದಂಗೇ ಅಲ್ವೇನೋ ಮಗಾ? ಸೀಳು ಬಿಟ್ಟ ಮೇಲೆ ನೀರು ಹಾಕಿದ್ರೆ ಏನು ಬಂತು?" ಎಂದರು. ನಾನು ಪುಟಗಟ್ಟಲೆ ಬರೆದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಯಾವುದಾದರೊಂದು ಕಚೇರಿಯಲ್ಲಿ ಇಂಥ ಲೆಕ್ಕಗಳ ಮುಂದೆ ಕೂರುವವರು. ಪರದೆಯ ಮೇಲಿನ ಒಂದೊಂದು ಅಂಕೆಯ ಹಿಂದೆಯೂ ಯಾರದೋ ಒಂದು ದಿನದ ಬೆವರಿದೆಯೆಂಬುದನ್ನು ನೆನೆದು ಅದರ ಇನ್ನೊಂದು ಪ್ರತಿಯನ್ನು ತೆಗೆದಿಡೋಣ. ಈ ಬರಹದಲ್ಲಿ ತಪ್ಪುಗಳಿದ್ದರೆ ಗುರುಹಿರಿಯರು ತಿದ್ದಬೇಕಾಗಿ ಬೇಡುತ್ತೇನೆ.